ಹಿತ್ತಲಿನ ಹೆಗ್ಗಣಗಳನ್ನು ವಿಷ ಹಾಕದೆ ಹತೋಟಿಗೆ ತಂದದ್ದು

ಹೆಗ್ಗಣದ ಕಾಟ ಎಂದರೆ ಸಾಕು, ಹತ್ತರಲ್ಲಿ ಒಂಬತ್ತು ಜನ ಇಲಿ ಪಾಷಾಣ ಹಾಕಿ ಎನ್ನುತ್ತಾರೆ. ಅದನ್ನು ಹಿತ್ತಲಿಗೆ ತರಬಾರದೆಂದು ನಾನು ಮೊದಲೇ ತೀರ್ಮಾನಿಸಿದ್ದೆ. ಬ್ರೋಮಾಡಿಯೋಲೋನ್‌ನಂಥ ವಿಷ ತಿಂದ ಹೆಗ್ಗಣ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವ ಶಕ್ತಿ ಹೋಗಿ, ಕೆಲವು ದಿನ ನಿತ್ರಾಣವಾಗಿ ಅಡ್ಡಾಡುತ್ತಿರುತ್ತದೆ. ಆಗ ಗೂಬೆಗೋ ಬೆಕ್ಕಿಗೋ ಸಿಕ್ಕರೆ ಆ ವಿಷ ಅವುಗಳ ಹೊಟ್ಟೆಗೂ ಇಳಿಯುತ್ತದೆ. ಜಿಂಕ್ ಫಾಸ್ಫೈಡ್ ಬೇಗ ಕೊಲ್ಲುತ್ತದೆ ನಿಜ, ಆದರೆ ಸ್ವಲ್ಪ ತಿಂದು ಬದುಕಿಕೊಂಡ ಹೆಗ್ಗಣ ಮತ್ತೆ ಆ ತಿಂಡಿಯ ಕಡೆ ಸುಳಿಯುವುದಿಲ್ಲ.

ಹೆಗ್ಗಣ ಹಿಡಿಯುವ ಮೊದಲು ಅದು ಎಲ್ಲಿದೆ ಎಂದು ಗೊತ್ತಾಗಬೇಕು. ನನ್ನ ಪಾಲಿಗೆ ಅರ್ಧ ಕೆಲಸ ಇದೇ ಆಗಿತ್ತು. ಹುಲ್ಲುಹಾಸಿನ ತುಂಬ ಮಣ್ಣಿನ ಗುಪ್ಪೆಗಳು, ಬದುವಿನಲ್ಲಿ ಬಿಲಗಳು, ಗೆಣಸಿನ ಪಾತಿಯಲ್ಲಿ ಕೊರೆದ ಗೆಡ್ಡೆಗಳು. ನೋಡಿದರೆ ಹೆಗ್ಗಣಗಳ ದೊಡ್ಡ ಹಿಂಡೇ ಇದೆ ಎನಿಸುತ್ತದೆ. ಆದರೆ ಸಾಮಾನ್ಯವಾಗಿ ಒಂದು ಬಿಲದಲ್ಲಿ ಬೆಳೆದ ಹೆಗ್ಗಣ ಒಂದೇ ಇರುತ್ತದೆ, ಮರಿ ಹಾಕಿದ ತಾಯಿಯಾದರೆ ಜೊತೆಗೆ ಮರಿಗಳು. ಒಂದು ಬಿಲಕ್ಕೆ ಹಲವು ಬಾಯಿಗಳಿರುವುದರಿಂದ ಲೆಕ್ಕ ತಪ್ಪುತ್ತದೆ. ಇನ್ನೊಂದು ವಿಷಯ: ಒಳಗೆ ಹೆಗ್ಗಣ ಇರುವ ಬಿಲದ ಬಾಯಿ ಹೆಚ್ಚಾಗಿ ಮುಚ್ಚಿರುತ್ತದೆ. ಹೊಲಗದ್ದೆ, ತೋಟಗಳಲ್ಲಿ ಹೆಚ್ಚು ಕಾಣುವ ಸಣ್ಣ ಜಾತಿಯ ಹೆಗ್ಗಣ ಒಳಹೋದ ಮೇಲೆ ಸಡಿಲ ಮಣ್ಣನ್ನು ತಳ್ಳಿ ಬಾಗಿಲು ಹಾಕಿಕೊಳ್ಳುತ್ತದೆ.

ಹಾಗಾಗಿ ಸಂಜೆ ಕತ್ತಲಾಗುವ ಮುಂಚೆ ಹಿತ್ತಲೆಲ್ಲ ಸುತ್ತಿ ಗುಪ್ಪೆಗಳನ್ನು ಕಾಲಿನಿಂದ ಸಮ ಮಾಡಿ, ತೆರೆದ ಬಾಯಿಗಳನ್ನು ಮಣ್ಣು ಹಾಕಿ ತುಳಿದುಬಿಡುತ್ತಿದ್ದೆ. ಬೆಳಿಗ್ಗೆ ಬಿಸಿಲೇರುವ ಮೊದಲೇ ಹೋಗಿ ನೋಡುತ್ತಿದ್ದೆ. ರಾತ್ರಿ ತೋಡಿದ ಮಣ್ಣು ಕೈಗೆ ತಣ್ಣಗೆ, ಪುಡಿಪುಡಿಯಾಗಿ ಸಿಗುತ್ತದೆ, ಸುತ್ತಲಿನ ಮಣ್ಣಿಗಿಂತ ಕಪ್ಪಾಗಿರುತ್ತದೆ. ಬಿಟ್ಟುಹೋದ ಬಿಲದ ಗುಪ್ಪೆ ಒಣಗಿ ಹೆಪ್ಪುಕಟ್ಟಿರುತ್ತದೆ, ಬಾಯಿಗೆ ಜೇಡರ ಬಲೆ ಕಟ್ಟಿರುವುದೂ ಉಂಟು. ಹೊಸ ಮಣ್ಣು ಕಂಡ ಕಡೆ ಒಂದೊಂದು ಕೋಲು ನೆಟ್ಟೆ. ಅಷ್ಟೊಂದು ಗುಪ್ಪೆಗಳ ಪೈಕಿ ಕೋಲು ಬಿದ್ದದ್ದು ಕೆಲವಕ್ಕೆ ಮಾತ್ರ. ಆಮೇಲಿನ ಕೆಲಸವೆಲ್ಲ ಆ ಕೋಲುಗಳ ಸುತ್ತಲೇ.

ಬೋನು ಇಡುವಾಗ ತಾಳ್ಮೆ ಬೇಕು. ಹೆಗ್ಗಣಕ್ಕೆ ಹೊಸ ವಸ್ತು ಕಂಡರೆ ಅನುಮಾನ. ಅದು ಓಡಾಡುವ ಜಾಡಿನಲ್ಲೇ, ಗೋಡೆ ಅಥವಾ ಬೇಲಿಗೆ ಒತ್ತಿ ಬೋನು ಇಟ್ಟು, ಬಾಗಿಲು ಬೀಳದಂತೆ ಕಟ್ಟಿ, ಒಳಗೆ ಸುಟ್ಟ ಕೊಬ್ಬರಿ ಚೂರು ಹಾಕಿಡುತ್ತಿದ್ದೆ. ಕೆಲವು ರಾತ್ರಿ ಧೈರ್ಯವಾಗಿ ತಿಂದು ಹೋಗಲಿ. ಒಳಗಿನ ಚೂರು ದಿನವೂ ಖಾಲಿಯಾಗತೊಡಗಿದ ಮೇಲೆ ಕಟ್ಟು ಬಿಚ್ಚಿ ಬೋನು ಹೂಡುವುದು. ಹೀಗೆ ಅಭ್ಯಾಸ ಮಾಡಿಸಿದ ಬೋನಿಗೂ ಮೊದಲ ರಾತ್ರಿಯೇ ಹೂಡಿದ ಬೋನಿಗೂ ಅಜಗಜಾಂತರ. ಸಿಕ್ಕಿದ್ದನ್ನು ದೂರ ಒಯ್ದು ಬಿಡುವುದು ನನಗೆ ಒಪ್ಪಿಗೆಯಿಲ್ಲ, ಅದು ನಮ್ಮ ಪೀಡೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿದಂತೆ. ನರಳಿಸದೆ ಒಂದೇ ಏಟಿಗೆ ಮುಗಿಸಿ ಆಳವಾಗಿ ಹೂಳುತ್ತೇನೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಇಲಿ ಜ್ವರ ಇವುಗಳ ಮೂತ್ರದಿಂದ ಹರಡುತ್ತದೆ, ಕೈಕಾಲಿನ ಸಣ್ಣ ಗಾಯವೂ ಅದಕ್ಕೆ ದಾರಿ. ಕೈಗವಸು, ಬೂಟು ಇಲ್ಲದೆ ನಾನು ಬಿಲದ ಕೆಲಸಕ್ಕೆ ಇಳಿಯುವುದಿಲ್ಲ.

ಬೋನಿಗೆ ಬೀಳುವುದು ಸುಂಡಿಲಿಯಾದರೆ ಬಿಟ್ಟುಬಿಡಿ. ಮೂತಿ ಉದ್ದ, ಕಣ್ಣು ಚಿಕ್ಕದು, ಮೈ ಘಾಟು ವಾಸನೆ. ಅದರ ಆಹಾರ ಮುಖ್ಯವಾಗಿ ಹುಳಹುಪ್ಪಟೆ. ಗೆಡ್ಡೆ ಕೊರೆಯುವ ಕೆಲಸ ಅದರದ್ದಲ್ಲ.

ಹಿಡಿಯುವುದರಿಂದಷ್ಟೇ ಕಾಟ ನಿಲ್ಲುವುದಿಲ್ಲ. ಹೆಣ್ಣು ಹೆಗ್ಗಣ ಗಬ್ಬವಾದ ಸುಮಾರು ಮೂರು ವಾರಕ್ಕೇ ಮರಿ ಹಾಕುತ್ತದೆ. ಅಡಗಲು ಜಾಗವಿದ್ದರೆ ಹೊರಗಿನವೂ ಬಂದು ಸೇರಿಕೊಳ್ಳುತ್ತವೆ. ಬೇಲಿಯಂಚಿನ ಕಳೆ ಕೊಯ್ದು, ಸೌದೆ ರಾಶಿಯನ್ನು ನೆಲದಿಂದ ಎತ್ತರಿಸಿ ಜೋಡಿಸಿ, ಅಗಲವಾಗಿದ್ದ ಬದುಗಳನ್ನು ಕಿರಿದು ಮಾಡಿದೆ. ಬಿದ್ದ ಹಣ್ಣು ಸಂಜೆಯೊಳಗೆ ಹೆಕ್ಕುತ್ತೇನೆ. ಕಾಂಪೋಸ್ಟ್ ಗುಂಡಿಯ ತಳಕ್ಕೂ ಬದಿಗೂ ಅರ್ಧ ಇಂಚಿಗಿಂತ ಸಣ್ಣ ಕಣ್ಣಿನ ತಂತಿ ಬಲೆ ಹಾಕಿದೆ. ಗೆಡ್ಡೆ ಬೆಳೆಯ ಪಾತಿಯ ಸುತ್ತ ಅದೇ ಬಲೆಯನ್ನು ಎರಡಡಿ ಆಳಕ್ಕೆ ಇಳಿಸಿ, ಕೆಳತುದಿಯನ್ನು ಹೊರಗಡೆಗೆ ಮಡಚಿದೆ. ತೋಡುತ್ತಾ ಬಂದದ್ದು ಮಡಿಕೆಗೆ ತಾಗಿ ನಿಲ್ಲುತ್ತದೆ. ಬೆನ್ನು ನೋಯುವ ಕೆಲಸ, ಆದರೆ ಇಷ್ಟು ನೆಚ್ಚಬಹುದಾದ ಉಪಾಯ ನನಗೆ ಬೇರೆ ಸಿಕ್ಕಿಲ್ಲ.

ಬೆಳ್ಳುಳ್ಳಿ, ಮೆಣಸಿನ ಹೊಗೆ, ನಾರುವ ಎಣ್ಣೆ ಇವುಗಳಿಂದ ಹೆಗ್ಗಣ ಕೆಲವು ದಿನ ಪಕ್ಕದ ಬಿಲಕ್ಕೆ ಸರಿಯುತ್ತದೆ, ಅಷ್ಟೇ. ವಾಸನೆ ಆರಿದ ಮೇಲೆ ಅಲ್ಲಿಗೇ ವಾಪಸ್ಸು. ಅದರ ಬದಲು ಹಿತ್ತಲಿನ ಬಯಲಿನಲ್ಲಿ ಎತ್ತರದ ಗಳು ನೆಟ್ಟು, ತುದಿಗೆ ಅಡ್ಡಪಟ್ಟಿ ಕಟ್ಟಿದ್ದೇನೆ. ರಾತ್ರಿ ಗೂಬೆ ಬಂದು ಕೂರುತ್ತದೆ. ಗಳುವಿನ ಬುಡದಲ್ಲಿ ಅದು ಕಕ್ಕಿದ ಉಂಡೆ ಸಿಕ್ಕರೆ ನೀರಲ್ಲಿ ನೆನೆಸಿ ಬಿಡಿಸಿ ನೋಡಿ: ಕೂದಲು, ಸಣ್ಣ ತಲೆಬುರುಡೆ, ಕಿತ್ತಳೆ ಬಣ್ಣದ ಮುಂಬಲ್ಲು. ಕೇರೆ ಹಾವು ಬಿಲದೊಳಕ್ಕೇ ನುಗ್ಗಿ ಹಿಡಿಯುತ್ತದೆ, ವಿಷವೂ ಇಲ್ಲ. ಅದನ್ನು ಹೊಡೆಯಬೇಡಿ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿರುತ್ತೇನೆ.

ಈಗಲೂ ಆಗಾಗ ಸಂಜೆ ಗುಪ್ಪೆ ತುಳಿದು ಬೆಳಿಗ್ಗೆ ನೋಡುತ್ತೇನೆ. ಹೊಸ ಮಣ್ಣು ಕಂಡ ದಿನವೇ ಬೋನು ಹೊರಗೆ ಬರುತ್ತದೆ, ಬಾಗಿಲು ಕಟ್ಟಿಕೊಂಡು.