ಹಳೆ ವ್ಯಾಗನಾರ್‌ನ ಅಡಿಗೆ ಸನ್‌ಪ್ಯಾಕ್ ಶೀಟ್ ಕಟ್ಟಿ ಮೈಲೇಜ್ ಏರಿಸಿದ್ದು

ಮನೆ ಉಡುಪಿ, ಕೆಲಸ ಮಂಗಳೂರು. ದಿನಾ ಹೆದ್ದಾರಿ 66ರಲ್ಲಿ ಓಡಾಟ, ಕಾರು ಹಳೆಯ ವ್ಯಾಗನಾರ್. ಎತ್ತರದ ಗಾಡಿ ಅಲ್ವಾ, ಗಾಳಿಗೆ ಅಡ್ಡ ನಿಂತ ಹಾಗೇ ಹೋಗುತ್ತದೆ. ಊರೊಳಗೆ ಅದು ಲೆಕ್ಕಕ್ಕಿಲ್ಲ, ಕಲ್ಸಂಕದ ಟ್ರಾಫಿಕ್‌ನಲ್ಲಿ ಕಾರಿನ ಆಕಾರ ಹೇಗಿದ್ದರೂ ಒಂದೇ. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಒಂದೂವರೆ ಪಟ್ಟಿಗೂ ಜಾಸ್ತಿ. ಕಾಪು, ಪಡುಬಿದ್ರಿ ಕಡೆಯ ನೇರ ರಸ್ತೆಯಲ್ಲೇ ನನ್ನ ಪೆಟ್ರೋಲ್ ಹೋಗುತ್ತಿತ್ತು.

ಮೊದಲು ಬಿಚ್ಚಿದ್ದು ಮೇಲಿನ ಕ್ಯಾರಿಯರ್. ಧರ್ಮಸ್ಥಳಕ್ಕೆ ಹೋಗುವಾಗ ಲಗೇಜಿಗೆ ಅಂತ ಹಾಕಿಸಿದ್ದು, ಉಳಿದ ದಿನ ಸುಮ್ನೆ ಖಾಲಿ. ಖಾಲಿ ಕಂಬಿಗೂ ಗಾಳಿ ತಡೆಯುತ್ತದೆ. ಬೇರೆ ಏನೂ ಮಾಡದಿದ್ದರೂ ಇದೊಂದು ಮಾಡಿ, ಖರ್ಚು ಸೊನ್ನೆ.

ಗಾಳಿ ಬಾನೆಟ್ ಒಳಗೆ ನುಗ್ಗಿ ತಡೆಯಾಗದಿರಲಿ ಅಂತ ಮುಂದಿನ ಗ್ರಿಲ್‌ನ ಮೇಲರ್ಧ ಮುಚ್ಚಿದೆ. ಚಳಿ ದೇಶದವರು ಪೂರ್ತಿ ಮುಚ್ಚುತ್ತಾರಂತೆ, ನಮ್ಮ ಸೆಕೆಗೆ ಅದು ಆಗದ ಮಾತು. ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಇರುವುದೇ ರೇಡಿಯೇಟರ್‌ನ ಮುಂದೆ, ಅದಕ್ಕೆ ಗಾಳಿ ಸಿಗದಿದ್ದರೆ ಎಸಿಯೂ ತಣಿಸುವುದಿಲ್ಲ, ಫ್ಯಾನೂ ನಿಲ್ಲುವುದಿಲ್ಲ, ಉಳಿಸಿದ ಪೆಟ್ರೋಲ್ ಅಲ್ಲಿಗೇ ಸರಿಹೋಯಿತು. ಕಾರಿನ ಕಂಪ್ಯೂಟರ್‌ನ ಲೆಕ್ಕ ಓದುವ ಓಬಿಡಿ ಸ್ಕ್ಯಾನರ್ ಹಾಕಿ ಕೂಲೆಂಟ್, ಅಂದರೆ ಇಂಜಿನ್ ತಣಿಸುವ ದ್ರವ, ಎಷ್ಟು ಬಿಸಿಯಿದೆ ಅಂತ ಫೋನಲ್ಲಿ ನೋಡುತ್ತಿರುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಮುಚ್ಚಳ ತೆಗೆದಿಡುತ್ತೇನೆ.

ನಿಜವಾದ ಕೆಲಸ ಇದ್ದದ್ದು ಅಡಿಯಲ್ಲಿ. ಬಗ್ಗಿ ನೋಡಿ, ಪೈಪು, ಕಂಬಿ, ಹಳ್ಳ, ಉಬ್ಬು. ಗಾಳಿ ಇದಕ್ಕೆಲ್ಲ ಬಡಿಯುತ್ತಾ ಹೋಗಬೇಕು. ಬ್ಯಾನರ್ ಅಂಗಡಿಯಿಂದ ಸನ್‌ಪ್ಯಾಕ್ ಶೀಟ್, ಅಂದರೆ ಬೋರ್ಡಿಗೆ ಬಳಸುವ ಒಳಗೆ ಟೊಳ್ಳಿರುವ ಹಗುರ ಪ್ಲಾಸ್ಟಿಕ್ ಹಾಳೆ, ತಂದು ಮುಂದಿನ ಬಂಪರ್‌ನಿಂದ ಹಿಂದಕ್ಕೆ ತುಂಡು ತುಂಡಾಗಿ ಕೂರಿಸಿದೆ, ವಾಷರ್ ಹಾಕಿ ಸ್ಕ್ರೂ, ಕೆಲವು ಕಡೆ ಪ್ಲಾಸ್ಟಿಕ್ ಟ್ಯಾಗ್ ಕಟ್ಟಿದೆ. ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಬರಬೇಕು. ಮುಂದಿನ ತುಂಡಿನ ಅಂಚು ಕೆಳಗೆ, ಹಿಂದಿನದು ಅದರ ಮೇಲೆ, ಇಲ್ಲದಿದ್ದರೆ ಗಾಳಿ ಅಂಚಿಗೆ ನುಗ್ಗಿ ಕಿತ್ತೇ ಹಾಕುತ್ತದೆ. ಸೈಲೆನ್ಸರ್ ಸಾಲನ್ನು ಪೂರ್ತಿ ಬಿಟ್ಟೆ, ಆ ಬಿಸಿಗೆ ಪ್ಲಾಸ್ಟಿಕ್ ಕರಗುತ್ತದೆ. ಆಯಿಲ್ ಬಿಚ್ಚುವ ಬೋಲ್ಟಿನ ಕೆಳಗೊಂದು ಕಿಂಡಿ, ಮಳೆನೀರು ಇಳಿಯಲು ಅಲ್ಲಲ್ಲಿ ತೂತು. ಸರ್ವಿಸ್‌ಗೆ ಕೊಟ್ಟಾಗ ಮೆಕ್ಯಾನಿಕ್ ಕೇಳಿದ್ದು, "ಎಂತ ಮಾರಾಯ್ರೆ, ಎಲೆಕ್ಷನ್ ಬೋರ್ಡೆಲ್ಲ ಕಾರಿನ ಅಡಿಗೆ ಕಟ್ಟಿದ್ದೀರಾ?" ಮಳೆಗಾಲದಲ್ಲಿ ಶೀಟಿನ ಮೇಲೆ ಕೆಸರು ಕೂರುತ್ತದೆ, ಬಿಚ್ಚಿ ತೊಳೆಯುವ ರಗಳೆ ಇದ್ದೇ ಇದೆ.

ಚಕ್ರಕ್ಕೆ ಚಪ್ಪಟೆ ಕವರ್ ಹಾಕಿದ್ದೇನೆ. ಚಾರ್ಮಾಡಿ, ಆಗುಂಬೆ ಕಡೆ ಹೋಗುವುದಾದರೆ ತೆಗೆಯುತ್ತೇನೆ, ಘಾಟಿ ಇಳಿಯುವಾಗ ಬ್ರೇಕಿಗೆ ಗಾಳಿ ಬೇಕು. ಗಾಳಿ ನಯವಾಗಿ ಜಾರಿಹೋಗಲು ಕಾರಿನ ಹಿಂಬದಿಗೆ ಕಿರಿದಾಗುತ್ತಾ ಹೋಗುವ ಉದ್ದದ ಬಾಲ ಕೂರಿಸಿದರೆ ಲಾಭ ಜಾಸ್ತಿ ಅನ್ನುವುದು ಗೊತ್ತು. ಆದರೆ ಗಾಡಿಯ ರೂಪ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಆ ತಲೆನೋವು ಯಾರಿಗೆ ಬೇಕು?

ಅಳೆಯುವುದೇ ಕಷ್ಟದ ಭಾಗ. ಅದೇ ಬಂಕ್, ಅದೇ ಪಂಪ್, ಆಟೋ ಕಟ್ ಆಗುವವರೆಗೆ ಫುಲ್ ಟ್ಯಾಂಕ್. ಟಯರಿನ ಗಾಳಿ ಒಂದೇ ಇರಬೇಕು, ವೇಗ ಮೊದಲೂ ಆಮೇಲೂ 80. ನಮ್ಮ ಹೆದ್ದಾರಿ ಸಮುದ್ರದ ಪಕ್ಕದಲ್ಲೇ ಹೋಗುವುದರಿಂದ ಮಧ್ಯಾಹ್ನದ ಮೇಲೆ ಪಡುಗಾಳಿ ಅಡ್ಡಕ್ಕೆ ಬೀಸುತ್ತದೆ, ಹಾಗಾಗಿ ಬೆಳಿಗ್ಗೆ ಬೇಗ ಹೋಗಿ ಬಂದ ಲೆಕ್ಕವನ್ನೇ ಹಿಡಿದೆ. ಒದ್ದೆ ರಸ್ತೆಯಲ್ಲಿ ಹೇಗೂ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಮೇ ತಿಂಗಳ ಲೆಕ್ಕಕ್ಕೆ ಜುಲೈಯದ್ದು ಹೋಲಿಸಬೇಡಿ. ಲೀಟರಿಗೆ 17 ಕಿ.ಮೀ. ಆಸುಪಾಸು ಇದ್ದದ್ದು ಈಗ 19ರ ಹತ್ತಿರ ಬರುತ್ತಿದೆ.

ಪಕ್ಕದ ಕನ್ನಡಿ ತೆಗೆದರೆ ಇನ್ನೂ ಸ್ವಲ್ಪ ಸಿಗುತ್ತದೆ ಅಂತ ಗೆಳೆಯನ ಸಲಹೆ. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ ಬರುವುದು ಗೊತ್ತಾಗಬೇಕಲ್ವಾ, ಅದನ್ನು ಮಾತ್ರ ನಾನು ಮುಟ್ಟುವುದಿಲ್ಲ.