-ಓ2 ಹಾಕಿದರೆ ಕೈಕೊಡುವ ಪ್ಯಾಕೇಜ್: ತಪ್ಪು ಹುಡುಕುವುದು ಹೇಗೆ?

ಪುಣೆಯ ವಾಕಡ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ಹುಬ್ಬಳ್ಳಿ ಹುಡುಗ ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದ. "ಅಣ್ಣಾರ, ಕಂಪೈಲರ್‌ನ್ಯಾಗ ಬಗ್ ಐತ್ರಿ" ಎಂದ. ಕಂಪೈಲರ್ ಎಂದರೆ ಸೋರ್ಸ್ ಕೋಡನ್ನು ಪ್ರೊಸೆಸರ್‌ನ ಆಜ್ಞೆಗಳಾಗಿ ಬದಲಿಸುವ ಪ್ರೋಗ್ರಾಂ. ಸೋರ್ಸ್ ಕೋಡ್ ಇಳಿಸಿಕೊಂಡು ಗೆಳೆಯನ ಹೊಸ ಡೆಸ್ಕ್‌ಟಾಪ್‌ನಲ್ಲಿ ತಾನೇ ಬಿಲ್ಡ್ ಮಾಡಿದ ಪ್ರೋಗ್ರಾಂ ಅದು. ಅಲ್ಲಿ ಚೆನ್ನಾಗಿ ಓಡುತ್ತದೆ, ಇವನ ಹಳೆ ಲ್ಯಾಪ್‌ಟಾಪ್‌ನಲ್ಲಿ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ನಿಂತುಬಿಡುತ್ತದೆ.

ಬಿಲ್ಡ್ ಲಾಗ್‌ನಲ್ಲಿ '-ಮಾರ್ಚ್=ನೇಟಿವ್' ಎಂಬ ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಸೂಚನೆ) ಕೂತಿತ್ತು. ಅದನ್ನು ಹಾಕಿದರೆ, ಬಿಲ್ಡ್ ಮಾಡುವ ಮೆಷಿನ್‌ಗೆ ಗೊತ್ತಿರುವ ಎವಿಎಕ್ಸ್2 ತರಹದ ಆಜ್ಞೆಗಳನ್ನೆಲ್ಲ ಕಂಪೈಲರ್ ಬಳಸಿಕೊಳ್ಳುತ್ತದೆ. ಹಳೆ ಪ್ರೊಸೆಸರ್‌ಗೆ ಅವು ಅರ್ಥವೇ ಆಗುವುದಿಲ್ಲ. ಫ್ಲ್ಯಾಗ್ ತೆಗೆದು ಮತ್ತೆ ಬಿಲ್ಡ್ ಮಾಡಿದ, ಮುಗೀತು.

ಎಲ್ಲವೂ ಇಷ್ಟು ಸುಲಭ ಇರಲ್ಲ. ಹಾಗಾಗಿ ಮೊದಲು ನಿಜವಾಗಿ ಯಾವ ಫ್ಲ್ಯಾಗ್‌ಗಳು ಹೋಗುತ್ತಿವೆ ನೋಡಿ. ಎಷ್ಟೋ ಪ್ಯಾಕೇಜ್‌ಗಳಲ್ಲಿ 'ಮೇಕ್ ವಿ=1' ಎಂದರೆ ಪೂರ್ತಿ ಸಾಲು ಕಾಣುತ್ತದೆ. ನೀವು ಏನೂ ಹೇಳದಿದ್ದರೂ ಬಿಲ್ಡ್‌ಗೆ ಮುಂಚೆ ಓಡಿಸುವ ಕಾನ್ಫಿಗರ್ ಸ್ಕ್ರಿಪ್ಟ್ ಸಾಮಾನ್ಯವಾಗಿ '-ಜಿ -ಓ2' ಹಾಕಿರುತ್ತದೆ. -ಜಿ ಎಂದರೆ ತಪ್ಪು ಹುಡುಕಲು ಬೇಕಾದ ಮಾಹಿತಿ ಸೇರಿಸು, -ಓ2 ಎಂದರೆ ಪ್ರೋಗ್ರಾಂ ವೇಗವಾಗಿ ಓಡುವಂತೆ ಕೋಡನ್ನು ಚುರುಕುಗೊಳಿಸು ಎಂದು. ಬಿಲ್ಡ್ ನಡುವೆಯೇ 'ಕಿಲ್ಡ್' ಎಂದು ನಿಂತರೆ ಬಹುತೇಕ ಮೆಮೊರಿ ಸಾಲದ್ದು. ಮೇಕ್‌ಗೆ -ಜೆ8 (ಒಟ್ಟಿಗೆ ಎಂಟು ಕೆಲಸ) ಬದಲು -ಜೆ2 ಕೊಡಿ, ಸಾಕು.

ಆಮೇಲೆ 'ಮೇಕ್ ಕ್ಲೀನ್' ಮಾಡಿ, ಸಿ ಕಂಪೈಲರ್‌ನ ಫ್ಲ್ಯಾಗ್‌ಗಳನ್ನು ಹೇಳುವ ಸಿಫ್ಲ್ಯಾಗ್ಸ್‌ನಲ್ಲಿ '-ಓ0 -ಜಿ' ಕೊಟ್ಟು ಮತ್ತೆ ಬಿಲ್ಡ್ ಮಾಡಿ. -ಓ0 ಎಂದರೆ ಚುರುಕುಗೊಳಿಸುವುದು ಬೇಡ ಎಂದು. ಇಲ್ಲಿರುವುದು ಇಂಗ್ಲಿಷಿನ ದೊಡ್ಡ ಅಕ್ಷರದ ಓ (O), ಮುಂದಿನದು ಸೊನ್ನೆ. ಸಣ್ಣ ಓ (o) ಬಳಸಿ -o2 ಎಂದರೆ '2' ಎಂಬ ಹೆಸರಿನ ಫೈಲ್ ಹುಟ್ಟುತ್ತದೆ! ನಾನೂ ಒಮ್ಮೆ ಹುಟ್ಟಿಸಿದ್ದೇನೆ.

-ಓ0ಗೆ ಸರಿ, -ಓ2ಗೆ ತಪ್ಪು ಎಂದಾದರೆ ಜನ ಪ್ಯಾಕೇಜ್ ಪೂರ್ತಿ -ಓ0 ಮಾಡಿ ಸುಮ್ನೆ ಆಗಿಬಿಡುತ್ತಾರೆ. ಅದು ಜ್ವರಕ್ಕೆ ಥರ್ಮಾಮೀಟರ್ ಬಚ್ಚಿಟ್ಟ ಹಾಗೆ. ಬದಲಿಗೆ ಅರ್ಧರ್ಧ ಮಾಡುತ್ತಾ ಹೋಗಿ. -ಓ0, -ಓ2 ಎರಡೂ ಬಗೆಯ ಆಬ್ಜೆಕ್ಟ್ ಫೈಲ್‌ಗಳನ್ನು (ಒಂದೊಂದು ಸೋರ್ಸ್ ಫೈಲ್ ಕಂಪೈಲ್ ಆದಾಗ ಬರುವ ತುಂಡು) ಬೇರೆ ಬೇರೆ ಫೋಲ್ಡರ್‌ನಲ್ಲಿಡಿ. ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ ತೆಗೆದು ಲಿಂಕ್ ಮಾಡಿ, ಅಂದರೆ ಒಂದೇ ಪ್ರೋಗ್ರಾಂ ಆಗಿ ಜೋಡಿಸಿ. ಕೆಟ್ಟರೆ ತಪ್ಪು -ಓ2ನಿಂದ ಬಂದ ಅರ್ಧದಲ್ಲಿದೆ. 64 ಫೈಲ್‌ಗಳಿದ್ದರೂ ಆರು ಸುತ್ತಿಗೆ ಒಂದೇ ಫೈಲ್ ಉಳಿಯುತ್ತದೆ. ಸಾಯಂಕಾಲ ಪೂರ್ತಿ ಹೋಗಬಹುದು, ಆದರೂ ಇಡೀ ಕೋಡ್ ಓದುವುದಕ್ಕಿಂತ ಜಾಸ್ತಿ ಅಲ್ಲ ಅಲ್ವಾ?

ಆ ಫೈಲ್‌ನಲ್ಲಿ ಮೊದಲು ಬೆಲೆ ತುಂಬದ ವೇರಿಯಬಲ್ ಹುಡುಕಿ. '-ಓ2 -ವಾಲ್' ಸೇರಿಸಿ ಕಂಪೈಲ್ ಮಾಡಿದರೆ ಜಿಸಿಸಿ ಕಂಪೈಲರೇ ಎಚ್ಚರಿಕೆ ಕೊಟ್ಟು ಹೆಚ್ಚಿನ ಸಲ ತೋರಿಸುತ್ತದೆ. -ಓ0 ಇದ್ದಾಗ ಆ ಎಚ್ಚರಿಕೆಗಳಲ್ಲಿ ಕೆಲವು ಬರುವುದೇ ಇಲ್ಲ. ಇನ್ನೊಂದು, ಇಂಟಿಜರ್ ತುಂಬಿ ಉಕ್ಕಿತೇ ಎಂದು ನೋಡಲು 'ಎಕ್ಸ್ + 1 < ಎಕ್ಸ್' ಎಂದು ಬರೆದಿರುತ್ತಾರೆ. ಸಿ ಭಾಷೆಯ ನಿಯಮದ ಪ್ರಕಾರ ಸೈನ್ಡ್ ಇಂಟಿಜರ್ (ಋಣ ಸಂಖ್ಯೆಯನ್ನೂ ಹಿಡಿಯುವ ಪೂರ್ಣಾಂಕ) ಉಕ್ಕುವಂತೆಯೇ ಇಲ್ಲ. ಹಾಗಾಗಿ ಕಂಪೈಲರ್ ಆ ಪರೀಕ್ಷೆಯನ್ನೇ ಕಿತ್ತುಹಾಕುತ್ತದೆ. '-ಎಫ್‌ಸ್ಯಾನಿಟೈಸ್=ಅನ್‌ಡಿಫೈನ್ಡ್' ಹಾಕಿ ಓಡಿಸಿದರೆ ಉಕ್ಕಿದ ಸಾಲಿನ ಸಂಖ್ಯೆ ಸಿಗುತ್ತದೆ.

ಕೋಡ್ ತಿದ್ದಲಾಗದಿದ್ದರೆ ಆ ಒಂದು ಫೈಲ್‌ಗೆ '-ಎಫ್‌ರ‍್ಯಾಪ್‌ವಿ', ಇಲ್ಲವೇ '-ಎಫ್‌ನೋ-ಸ್ಟ್ರಿಕ್ಟ್-ಅಲಿಯಾಸಿಂಗ್' ಕೊಟ್ಟು ನೋಡಿ. ಮೊದಲನೆಯದು ಇಂಟಿಜರ್ ಉಕ್ಕಿದರೆ ಸುತ್ತಿ ಇನ್ನೊಂದು ತುದಿಗೆ ಬರಲಿ ಎನ್ನುತ್ತದೆ, ಎರಡನೆಯದು ಬೇರೆ ಬಗೆಯ ಪಾಯಿಂಟರ್‌ಗಳು ಒಂದೇ ಜಾಗ ತೋರಿಸಲಾರವು ಎಂಬ ಕಂಪೈಲರ್‌ನ ಊಹೆಯನ್ನು ನಿಲ್ಲಿಸುತ್ತದೆ. ನಾಚಿಕೆ ಬೇಡ, ಎರಡನೆಯದನ್ನು ಲಿನಕ್ಸ್ ಕರ್ನಲ್ಲೇ ಬಳಸುತ್ತದೆ.

ಇಷ್ಟಾದರೂ ಬಗೆಹರಿಯದೆ, ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್‌ನಲ್ಲಿ ಬಿಲ್ಡ್ ಮಾಡಿದಾಗ ಮಾತ್ರ ಸರಿ ಓಡಿದರೆ ಆಗ ಕಂಪೈಲರ್ ಮೇಲೆ ಅನುಮಾನ ಪಡಿ. ದೂರು ಕಳಿಸುವಾಗ 'ಜಿಸಿಸಿ -ವಿ' ಕೊಡುವ ಉತ್ತರ, ನೀವು ಹಾಕಿದ ಫ್ಲ್ಯಾಗ್‌ಗಳು, '-ಸೇವ್-ಟೆಂಪ್ಸ್' ಹಾಕಿದಾಗ ಬರುವ '.ಐ' ಫೈಲ್ (ಹೆಡರ್‌ಗಳೆಲ್ಲ ಒಳಗೆ ಸೇರಿದ ಸೋರ್ಸ್) ಮೂರನ್ನೂ ಸೇರಿಸಿ.