ಇಂಗ್ಲೆಂಡಿನ ಹೈಸ್ಕೂಲು: ಮಗು ಯಾವ ಟಿಯರ್‌ನಲ್ಲಿದೆ ಅಂತ ಕೇಳಿದ್ದೀರಾ?

ಪೇರೆಂಟ್ಸ್ ಈವ್ನಿಂಗ್‌ನಲ್ಲಿ ಟೀಚರ್ "ನಿಮ್ಮ ಮಗಳು ಚೆನ್ನಾಗಿ ಓದ್ತಿದ್ದಾಳೆ" ಅಂದ ತಕ್ಷಣ ಖುಷಿಪಟ್ಟು ಎದ್ದು ಬರಬೇಡಿ. ಯಾವ ಪರೀಕ್ಷೆಗೆ ಚೆನ್ನಾಗಿ ಓದುತ್ತಿದ್ದಾಳೆ? ಅದನ್ನು ಕೇಳಿ. ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರು ಎಡವುವುದು ಇಲ್ಲೇ.

ನಮ್ಮ ಎಸ್‌ಎಸ್‌ಎಲ್‌ಸಿ ಗಣಿತಕ್ಕೆ ಜಾಣರಿಗೂ ಹಿಂದುಳಿದವರಿಗೂ ಒಂದೇ ಪ್ರಶ್ನೆಪತ್ರಿಕೆ. ಇಲ್ಲಿ ಹದಿನಾರರ ಹೊತ್ತಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ ಗಣಿತ, ವಿಜ್ಞಾನ ಮತ್ತು ಫ್ರೆಂಚ್‌ನಂಥ ಭಾಷೆಗಳಿಗೆ ಎರಡು ಟಿಯರ್, ಅಂದರೆ ಎರಡು ಮಟ್ಟದ ಪ್ರಶ್ನೆಪತ್ರಿಕೆ ಇವೆ: ಸುಲಭದ್ದು ಫೌಂಡೇಷನ್, ಕಷ್ಟದ್ದು ಹೈಯರ್. ಗ್ರೇಡುಗಳು 1ರಿಂದ 9ರವರೆಗೆ, 9 ಎಲ್ಲಕ್ಕಿಂತ ಮೇಲು. ಫೌಂಡೇಷನ್ ಗಣಿತ ಬರೆದ ಮಗು ನೂರಕ್ಕೆ ನೂರು ತೆಗೆದರೂ ಸಿಗುವುದು 5 ಮಾತ್ರ. ಆದರೆ ಎ ಲೆವೆಲ್‌ನಲ್ಲಿ (ನಮ್ಮ ಪಿಯುಸಿ ಇದ್ದ ಹಾಗೆ) ಗಣಿತ ತಗೊಳ್ಳಲು ಅದನ್ನು ಕಲಿಸುವ ಬಹಳಷ್ಟು ಸಿಕ್ಸ್ತ್ ಫಾರ್ಮ್‌ಗಳು 6 ಅಥವಾ 7 ಕೇಳುತ್ತವೆ. ಎಂಜಿನಿಯರಿಂಗ್ ಅಂತ ಮನೆಯಲ್ಲಿ ಮಾತಾಡುತ್ತಿದ್ದರೆ ಆ ದಾರಿ ಅಲ್ಲೇ ಮುಚ್ಚಿತು, ಅಲ್ವಾ?

ನಮಗೆ ಗೊತ್ತಿರುವ ಒಂದು ಕುಟುಂಬಕ್ಕೆ ಹೀಗೇ ಆಯಿತು. ಮಗಳಿಗೆ ಎರಡು ವರ್ಷ ಪ್ರತಿ ವಾರ ಟ್ಯೂಷನ್ ಕೊಡಿಸಿದರು. ಟ್ಯೂಟರ್ ಅವಳ ಶಾಲೆಯ ಪುಸ್ತಕ ನೋಡಿ ಅದರಲ್ಲಿದ್ದದ್ದನ್ನೇ ಹೇಳಿಕೊಟ್ಟರು. ಪ್ರತಿ ರಿಪೋರ್ಟಿನಲ್ಲೂ ಒಳ್ಳೆಯ ಮಾತೇ. ಆಗಸ್ಟಿನಲ್ಲಿ ರಿಸಲ್ಟ್ ಬಂದಾಗ ಗಣಿತದಲ್ಲಿ 5. ಫೌಂಡೇಷನ್ ಅನ್ನುವ ಪದವನ್ನು ಅಪ್ಪ ಅಮ್ಮ ಮೊದಲ ಸಲ ಕೇಳಿದ್ದು ಅವತ್ತು. ಆ ಹುಡುಗಿ ಹೈಯರ್ ಪತ್ರಿಕೆಗೆ ಮತ್ತೆ ಮೊದಲಿಂದ ಓದಬೇಕಾಯಿತು. ಒಂದು ವರ್ಷ ಹೋಯಿತು, ಟ್ಯೂಷನ್ ದುಡ್ಡೂ ಹೋಯಿತು.

ಶಾಲೆ ಮೋಸ ಮಾಡಿತು ಅಂತಲ್ಲ. ಹೈಯರ್ ಬರೆದು ತೀರಾ ಕಡಿಮೆ ಅಂಕ ಬಂದರೆ ಗ್ರೇಡೇ ಸಿಗುವುದಿಲ್ಲ. 4 ಬಾರದಿದ್ದರೆ 16 ಆದ ಮೇಲೂ ಗಣಿತ ಓದುತ್ತಲೇ ಇರಬೇಕು. ಹಾಗಾಗಿ ಅಂಚಿನಲ್ಲಿರುವ ಮಗುವನ್ನು ಟೀಚರ್ ಫೌಂಡೇಷನ್‌ಗೆ ಹಾಕುವುದರಲ್ಲಿ ಅರ್ಥವಿದೆ. ಆದರೆ ಇಂಡಿಯಾದಿಂದ ಇಯರ್ 8, 9ರಲ್ಲಿ (12ರಿಂದ 14 ವಯಸ್ಸಿನ ತರಗತಿಗಳು) ಬಂದ ಮಗುವಿನ ಹಳೆಯ ಅಂಕಗಳು ಶಾಲೆಯ ಕೈಯಲ್ಲಿ ಇರುವುದಿಲ್ಲ. ಲೆಕ್ಕ ಬರುತ್ತದೆ, ಪ್ರಶ್ನೆಯ ಇಂಗ್ಲಿಷ್ ತೊಡಕಾಗುತ್ತದೆ. ಅಂಥ ಮಗು ಕೆಳಗಿನ ಸೆಟ್‌ಗೆ (ಕಲಿಕೆಯ ಮಟ್ಟ ನೋಡಿ ಮಾಡುವ ಗುಂಪಿಗೆ) ಹೋಗಿ ಅಲ್ಲೇ ಉಳಿದುಬಿಡಬಹುದು. ಫೌಂಡೇಷನ್ ಸೆಟ್‌ನಲ್ಲಿ ಸೈನ್ ರೂಲ್, ಸರ್ಕಲ್ ಥಿಯರಮ್‌ಗಳು, ಕ್ವಾಡ್ರಾಟಿಕ್ ಫಾರ್ಮುಲಾ ಪಾಠಕ್ಕೇ ಬರುವುದಿಲ್ಲ. ಕಲಿಯದ್ದನ್ನು ಕೊನೇ ಗಳಿಗೆಯಲ್ಲಿ ಬರೆಯೋದು ಹೇಗೆ?

ಈ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಹದಿನಾಲ್ಕು ವರ್ಷಕ್ಕೆ ಯಾರ ಬಾಗಿಲನ್ನೂ ಸದ್ದಿಲ್ಲದೆ ಮುಚ್ಚಬಾರದು. ತರಗತಿಯಲ್ಲಿ ಎಲ್ಲರೆದುರು ರ‍್ಯಾಂಕ್ ಓದಿ ಮಕ್ಕಳನ್ನು ಕುಗ್ಗಿಸದಿರುವುದು ಇಲ್ಲಿನವರಿಂದ ನಾವು ಕಲಿಯಬೇಕಾದದ್ದು.

ಹೋಮ್‌ವರ್ಕ್‌ಗೆ ಪಕ್ಕದಲ್ಲೇ ಕೂರುವುದನ್ನು ಕಡಿಮೆ ಮಾಡಿ. 2009ರಲ್ಲಿ ಅಮೆರಿಕದ ಸಂಶೋಧಕಿಯರಾದ ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಮಿಡ್ಲ್ ಸ್ಕೂಲ್ ಮಕ್ಕಳ ಬಗೆಗಿನ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಓದು ಯಾಕೆ ಬೇಕು, ಮುಂದೆ ಏನು ಮಾಡಬೇಕೆಂದಿದ್ದೀಯ ಅಂತ ಮಕ್ಕಳ ಜೊತೆ ಮಾತಾಡುವ ಮನೆಗಳಲ್ಲೇ ಕಲಿಕೆ ಹೆಚ್ಚು ಚೆನ್ನಾಗಿತ್ತು. ಹೋಮ್‌ವರ್ಕ್ ಸಹಾಯಕ್ಕೆ ಅಂಥ ಫಲ ಕಾಣಲಿಲ್ಲ. ಮಗಳ ಜೊತೆ ಎ ಲೆವೆಲ್ ಬಗ್ಗೆ ಅರ್ಧ ಗಂಟೆ ಮಾತಾಡಿದರೆ ಟಿಯರ್ ವಿಷಯ ತಾನಾಗೇ ಬರುತ್ತದೆ.

  

ಟಿಯರ್ ಬಗ್ಗೆ ಇಯರ್ 9ರ ಕೊನೆಯಲ್ಲೇ ಗಣಿತದ ಟೀಚರಿಗೆ ಈಮೇಲ್ ಹಾಕಿ. ಪೇರೆಂಟ್ಸ್ ಈವ್ನಿಂಗ್‌ನ ಐದು ನಿಮಿಷ ಇದಕ್ಕೆ ಸಾಲದು. ಮಗು ಯಾವ ಸೆಟ್, ಆ ಸೆಟ್‌ಗೆ ಯಾವ ಟಿಯರ್ ಪಾಠ, ಮೇಲಿನ ಸೆಟ್‌ಗೆ ಹೋಗಲು ಯಾವ ಟೆಸ್ಟಿನಲ್ಲಿ ಎಷ್ಟು ಬೇಕು, ಕೊನೆಯ ತೀರ್ಮಾನ ಯಾವಾಗ. ಉತ್ತರ ಮಸುಕಾಗಿದ್ದರೆ ಹೆಡ್ ಆಫ್ ಮ್ಯಾತ್ಸ್‌ಗೆ ಬರೆಯಿರಿ. ಇಲ್ಲಿ ಅದನ್ನು ಯಾರೂ ತಲೆಹರಟೆ ಅಂದುಕೊಳ್ಳುವುದಿಲ್ಲ. ಪರೀಕ್ಷೆಗೆ ಹೆಸರು ಕಳಿಸುವುದು ಇಯರ್ 11ರ ಫೆಬ್ರವರಿ ಹೊತ್ತಿಗೆ. ಅಷ್ಟು ಹೊತ್ತಿಗೆ ಕೇಳಿದರೆ ಪತ್ರಿಕೆ ಬದಲಾಯಿಸಬಹುದೇನೋ, ಬಿಟ್ಟುಹೋದ ಎರಡು ವರ್ಷದ ಪಾಠ ತುಂಬಿಸುವುದು ಕಷ್ಟ.